ಕೀಲಿ ಹಾಕಿದ ಮನೆಯನ್ನೂ ಬರೆದುಕೊಳ್ಳಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಕಲಬುರಗಿಯ ಒಂದು ಪದವಿ ಕಾಲೇಜಿನಲ್ಲಿ 31 ವರ್ಷ ಸಮಾಜಶಾಸ್ತ್ರ ಪಾಠ ಮಾಡಿದವಳು ನಾನು. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದವು: ಊರಿಗೆ ಹೋಗಿ ಜನರನ್ನು ಕೇಳಿ ತಿಳಿದುಕೊಳ್ಳುವುದು ಹೇಗೆ? ಪ್ರಬಂಧ ಸಲ್ಲಿಸುವ ಕಾಲ ಹತ್ತಿರ ಬಂತು, ಅದಕ್ಕೇ ಇರಬೇಕು. ಮೊದಲ ಪತ್ರಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಆ ಹುಡುಗಿಗೆ ಬಂದ ತೊಂದರೆ ಒಂದು ಕಾಲಕ್ಕೆ ನನಗೂ ಬಂದಿತ್ತು.

ಪ್ರಶ್ನೆ: ಮೇಡಂ, ಗುಳೆ ಹೋಗುವವರ ಬಗ್ಗೆ ಪ್ರಬಂಧ ಬರೆಯುತ್ತಿದ್ದೇನೆ. ಐದು ಊರು ಸೇರಿ ಸುಮಾರು 1,800 ಮನೆ. ಗೈಡ್ ಸರ್ 100 ಮನೆ ಮಾಡು ಅಂದಿದ್ದಾರೆ. ಫೆಬ್ರವರಿಯಲ್ಲಿ ಹೋದೆ. ಆರಿಸಿಕೊಂಡ 100 ಮನೆಗಳಲ್ಲಿ 27ಕ್ಕೆ ಕೀಲಿ ಹಾಕಿತ್ತು. ಅವುಗಳ ಬದಲು ಪಕ್ಕದ ಮನೆಯವರ ಫಾರಂ ತುಂಬಿ 100 ಪೂರ್ತಿ ಮಾಡಿದೆ. ನಾನು ಮಾಡಿದ್ದು ಸರಿಯಾ? 100 ಸಾಕಾ?
– ಎಂ.ಎ. ವಿದ್ಯಾರ್ಥಿನಿ, ಸೇಡಂ

ಉತ್ತರ: ತಂಗಿ, 100 ಸಾಕಾ ಅನ್ನುವುದನ್ನು ಆಮೇಲೆ ನೋಡೋಣ. ಮೊದಲು ಆ 27 ಕೀಲಿಗಳ ಮಾತು.

ನೀನು ಹುಡುಕಿಕೊಂಡು ಹೋದದ್ದು ಗುಳೆ ಹೋಗುವವರನ್ನು. ತೊಗರಿ ರಾಶಿ ಮುಗಿದ ಮೇಲೆ, ಫೆಬ್ರವರಿಯಲ್ಲಿ, ಅವರು ಊರಲ್ಲಿ ಇರುವುದಾದರೂ ಹೇಗೆ? ಕೀಲಿ ಕಂಡ ಕೂಡಲೇ ನೀನು ಮುಂದಿನ ಬಾಗಿಲಿಗೆ ಹೋದೆ. ಅಲ್ಲಿ ಇದ್ದವರು ಊರಲ್ಲಿ ಉಳಿದವರು. ಅವರನ್ನು ಗುಳೆ ಬಗ್ಗೆ ಕೇಳಿದೆ.

ಲೆಕ್ಕ ಹಾಕಿ ನೋಡು. ತೆರೆದಿದ್ದ 73 ಮನೆಗಳಲ್ಲಿ 20 ಮನೆಯಿಂದ ಯಾರಾದರೂ ಗುಳೆ ಹೋಗಿದ್ದಾರೆ ಅಂತ ಇಟ್ಟುಕೊಳ್ಳೋಣ. ಅಂದರೆ ಸುಮಾರು ಶೇ 27. ಬದಲಿಗೆ ಹಿಡಿದ ಪಕ್ಕದ ಮನೆಗಳೂ ತೆರೆದ ಮನೆಗಳೇ, ಅವೂ ಹೆಚ್ಚುಕಡಿಮೆ ಅದೇ ಪ್ರಮಾಣ ತೋರಿಸುತ್ತವೆ. ನಿನ್ನ ಪ್ರಬಂಧದಲ್ಲಿ ಶೇ 27 ಎಂದೇ ಬರುತ್ತದೆ. ಕೀಲಿ ಹಾಕಿದ 27 ಮನೆಯವರೂ ಗುಳೆ ಹೋದವರೇ ಆಗಿದ್ದರೆ? ಆಗ 20ಕ್ಕೆ 27 ಸೇರಿ 100ಕ್ಕೆ 47. ಊರಿನ ಅರ್ಧದಷ್ಟು ಮನೆಗಳ ಕಥೆಯನ್ನು ನಾವು ಕಾಲು ಭಾಗದ ಕಥೆ ಅಂತ ಬರೆದುಬಿಡುತ್ತೇವೆ. ಅದನ್ನು ಓದಿದ ಅಧಿಕಾರಿ "ಇಲ್ಲಿ ಗುಳೆ ಕಡಿಮೆ" ಅಂತ ಫೈಲು ಮುಚ್ಚುತ್ತಾನೆ. ಇದು ಸಣ್ಣ ತಪ್ಪಲ್ಲ.

ನಾನೂ ಇದನ್ನೇ ಮಾಡಿದ್ದೇನೆ. 1986ರ ಬೇಸಿಗೆ, ಚಿಂಚೋಳಿ ತಾಲ್ಲೂಕಿನ ಒಂದು ಊರು. ಅಚ್ಚು ಹಾಕಿಸಿದ ಫಾರಂಗಳ ಕಟ್ಟು ಹಿಡಿದು ಓಣಿ ಓಣಿ ತಿರುಗುತ್ತಿದ್ದೆ. ಕೀಲಿ ಕಂಡರೆ ಮುಂದಿನ ಬಾಗಿಲು. ಮೂರನೇ ದಿನ ಮಧ್ಯಾಹ್ನ ಒಬ್ಬ ಮುದುಕಿ ಕೈ ಮಾಡಿ ಕರೆದಳು. ಅಂಗಳದಲ್ಲಿ ಗೋಣಿತಟ್ಟು ಹಾಸಿಕೊಂಡು ಮೊರದಲ್ಲಿ ಬೇಳೆ ಹಸನು ಮಾಡುತ್ತಿದ್ದಳು. "ಮೂರ್ ದಿನ ಆತು ನೋಡಲಿಕತ್ತೀನಿ. ಕೀಲಿ ಹಾಕಿದ ಮನಿ ಮುಂದ ನೀ ನಿಂದ್ರಂಗೇ ಇಲ್ಲಲ್ಲವ್ವಾ" ಅಂದಳು. ಸೆರಗಿನ ತುದಿಯ ಗಂಟು ಬಿಚ್ಚಿದಳು. ಅದರೊಳಗೆ ಏಳು ಕೀಲಿಕೈ. ಒಂದೊಂದಕ್ಕೂ ಒಂದೊಂದು ಬಣ್ಣದ ಬಟ್ಟೆ ಚೂರು ಕಟ್ಟಿತ್ತು. ಅವಳಿಗೆ ಓದಲು ಬರುತ್ತಿರಲಿಲ್ಲ, ಬಣ್ಣ ನೋಡಿ ಮನೆ ಹೇಳುತ್ತಿದ್ದಳು. ಕೆಂಪು ಚೂರಿನವರು ಬಾಂಬೆಗೆ, ಗಂಡ ಹೆಂಡತಿ ಎರಡು ಕೂಸು. ಹಸಿರಿನವರು ಹೈದರಾಬಾದಿಗೆ, ಕಟ್ಟಡದ ಕೆಲಸಕ್ಕೆ, ಮುದುಕ ಅಪ್ಪನಿಗೆ ಎರಡು ಹೊತ್ತು ರೊಟ್ಟಿ ಕೊಡು ಅಂತ ಇವಳಿಗೆ ಹೇಳಿ ಹೋಗಿದ್ದರು. ಹಳದಿಯವರು ಮುಕಾದಮನ, ಅಂದರೆ ಕೂಲಿ ಜನರನ್ನು ಕರೆದೊಯ್ಯುವ ಮೇಸ್ತ್ರಿಯ ಹತ್ತಿರ ಮುಂಗಡ ಹಿಡಿದು ಕಬ್ಬು ಕಡಿಯಲು ಹೋಗಿದ್ದರು. ಸೊಸೆಗೆ ಆರು ತಿಂಗಳಂತೆ. "ಅಲ್ಲೇ ಹಡೀತಾಳ" ಅಂದಳು ಮುದುಕಿ. ಬೇಳೆಯಿಂದ ಕಲ್ಲು ತೆಗೆಯುತ್ತಲೇ ಹೇಳಿದಳು.

ನನ್ನ ಫಾರಂಗಳಲ್ಲಿ ಆ ಏಳು ಮನೆ ಇರಲೇ ಇಲ್ಲ.

ಈಗ ನೀನೇನು ಮಾಡಬೇಕು? ಬದಲಿಗೆ ತುಂಬಿದ 27 ಫಾರಂಗಳನ್ನು ಬೇರೆ ತೆಗೆದಿಡು. ಮೊದಲು ಆರಿಸಿದ್ದ 27 ಮನೆಗಳಿಗೆ ಮತ್ತೆ ಹೋಗು. ಒಂದೇ ಹೊತ್ತಿಗೆ ಬೇಡ. ಬೆಳಿಗ್ಗೆ ಏಳಕ್ಕೆ ಒಂದು ಸಲ, ಸಂಜೆ ದೀಪ ಹಚ್ಚಿದ ಮೇಲೆ ಒಂದು ಸಲ, ಅಮಾವಾಸ್ಯೆ ದಿನ ಒಂದು ಸಲ. ಹೊಲಕ್ಕೆ ಹೋಗಿದ್ದವರು ಯಾರು, ಊರು ಬಿಟ್ಟು ಹೋದವರು ಯಾರು ಅಂತ ಅಷ್ಟರಲ್ಲಿ ಗೊತ್ತಾಗುತ್ತದೆ. ಆಮೇಲೂ ಕೀಲಿ ಇದ್ದರೆ ಕೀಲಿಕೈ ಯಾರ ಹತ್ತಿರ ಇದೆ ಅಂತ ಕೇಳು. ಅವರಿಗೆ ಎಲ್ಲ ಗೊತ್ತಿರುತ್ತದೆ. ಈಗ ಫೋನ್ ಇದೆ, ಮನೆಯವರ ನಂಬರ್ ಸಿಗುತ್ತದೆ. ರಾತ್ರಿ ಎಂಟರ ಮೇಲೆ, ಅವರು ಕೆಲಸ ಮುಗಿಸಿ ಬಂದ ಮೇಲೆ ಮಾಡು. ನಿನಗೆ ಸಮಯ ಇದ್ದರೆ ಕಾರಹುಣ್ಣಿಮೆ ಹೊತ್ತಿಗೆ ಇನ್ನೊಂದು ಸುತ್ತು ಹೋಗು. ಬಿತ್ತನೆಗೆ ವಾಪಸ್ ಬಂದಿರುತ್ತಾರೆ. ಇಷ್ಟಾದರೂ ಸಿಗದ ಮನೆ ಉಳಿದರೆ ಅದನ್ನು "ಕೀಲಿ" ಅಂತಲೇ ಬರೆದು, ಎಷ್ಟು ಮನೆ ಹಾಗೆ ಉಳಿದವು ಅಂತ ಪ್ರಬಂಧದಲ್ಲಿ ಸ್ಪಷ್ಟವಾಗಿ ಹೇಳು. ಅದರಿಂದ ಮಾರ್ಕ್ಸ್ ಕಡಿಮೆ ಆಗುವುದಿಲ್ಲ. ಕಡಿಮೆ ಆದರೂ ಬರೆಯಬೇಕು.

ಇನ್ನು 100ರ ಮಾತು. ನಿಮ್ಮ ಮನೆಯವರು ಗಂಜ್‌ಗೆ, ಅಂದರೆ ಕಾಳಿನ ಪೇಟೆಗೆ ತೊಗರಿ ತಂದಿದ್ದರೆ ನೀನು ನೋಡಿರುತ್ತೀ. ವ್ಯಾಪಾರಿ ಚೀಲದ ಬಾಯಿ ಬಿಚ್ಚಿ ಮೇಲಿನ ಕಾಳು ನೋಡಿ ರೇಟು ಹೇಳುವುದಿಲ್ಲ. ಚೂಪಾದ ಕೊಳವೆ ಚುಚ್ಚುತ್ತಾನೆ. ಮೇಲೆ, ನಡುವೆ, ತಳದಲ್ಲಿ. ಅಂಗೈಯಷ್ಟು ಕಾಳಿನಿಂದ ಇಡೀ ಚೀಲಕ್ಕೆ ಬೆಲೆ ಕಟ್ಟುತ್ತಾನೆ. ಎಷ್ಟು ಕಾಳು ತೆಗೆದ ಅನ್ನುವುದಕ್ಕಿಂತ ಎಲ್ಲಿಂದ ತೆಗೆದ ಅನ್ನುವುದು ಮುಖ್ಯ. ಮಾದರಿ ಆಯ್ಕೆ ಅಂದರೆ ಇದೇ.

100 ಮನೆಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿ, ಅರ್ಧದಷ್ಟು ಮನೆಯವರು ಗುಳೆ ಹೋಗುತ್ತಾರೆ ಅಂತ ಉತ್ತರ ಬಂದರೆ, ನಿಜವಾದ ಪ್ರಮಾಣ ಹತ್ತು ಪಾಯಿಂಟ್ ಆಚೆ ಈಚೆ ಇರಬಹುದು, ಅಂದರೆ ಶೇ 40ರಿಂದ 60ರ ನಡುವೆ. ಇಂಥ ಆಯ್ಕೆಯನ್ನು 100 ಸಲ ಮಾಡಿದರೆ ಸುಮಾರು 95 ಸಲ ಈ ಮಿತಿ ದಾಟುವುದಿಲ್ಲ. ಆ ಹತ್ತನ್ನು ಐದಕ್ಕೆ ಇಳಿಸಬೇಕು ಅಂದರೆ 200 ಮನೆ ಸಾಲುವುದಿಲ್ಲ, ದೊಡ್ಡ ಜನಸಂಖ್ಯೆಯಾದರೆ ಸುಮಾರು 385 ಬೇಕು. ಎಂ.ಎ. ಪ್ರಬಂಧಕ್ಕೆ, ಒಬ್ಬಳೇ ಓಡಾಡುವ ಹುಡುಗಿಗೆ, ಚೆನ್ನಾಗಿ ಆರಿಸಿದ 100 ಸಾಕು. ಆರಿಸುವುದು ಸುಲಭ. ಐದೂ ಊರಿನ ಮನೆಗಳ ಪಟ್ಟಿ ಮಾಡು, ಅಂಗನವಾಡಿ ಕಾರ್ಯಕರ್ತೆಯರ ಹತ್ತಿರ ಕುಟುಂಬಗಳ ವಹಿ ಇರುತ್ತದೆ. 1,800ಕ್ಕೆ 100 ಅಂದರೆ ಹದಿನೆಂಟಕ್ಕೆ ಒಂದು. 1ರಿಂದ 18ರೊಳಗೆ ಒಂದು ಚೀಟಿ ಎತ್ತು. 7 ಬಂದರೆ 7, 25, 43 ಹೀಗೆ ಹೋಗು. ಆ ವಹಿಯಲ್ಲಿ ತಾಂಡಾ ಸೇರಿದೆಯಾ, ಊರ ಹೊರಗಿನ ಕೇರಿ ಸೇರಿದೆಯಾ ನೋಡಿಕೋ. ಪಟ್ಟಿಯಲ್ಲೇ ಇಲ್ಲದ ಮನೆ ಚೀಟಿಯಲ್ಲಿ ಬರುವುದಿಲ್ಲ.

ಇನ್ನೊಂದು ವಿಷಯ. "ಮನೆ" ಅಂದರೆ ಏನು ಅಂತ ಮೊದಲೇ ತೀರ್ಮಾನ ಮಾಡಿಕೋ. "ಮನೆಯಲ್ಲಿ ಎಷ್ಟು ಜನ" ಅಂತ ಆ ಮುದುಕಿಯನ್ನು ಕೇಳಿದ್ದಕ್ಕೆ ಅವಳು ತಿರುಗಿ ಕೇಳಿದ್ದು, "ಒಲಿ ಲೆಕ್ಕದಾಗ ಹೇಳಬೇಕೋ, ಕಾರ್ಡಿನ ಲೆಕ್ಕದಾಗ ಹೇಳಬೇಕೋ?" ರೇಷನ್ ಕಾರ್ಡಿನಲ್ಲಿ ಒಂದೇ ಮನೆ, ಒಳಗೆ ಎರಡು ಒಲೆ. ಜನಗಣತಿಯವರು ಒಲೆಯ ಲೆಕ್ಕ ಹಿಡಿಯುತ್ತಾರೆ. ಒಟ್ಟಿಗೆ ಇದ್ದು ಒಂದೇ ಅಡುಗೆಯಲ್ಲಿ ಉಣ್ಣುವವರು ಒಂದು ಕುಟುಂಬ. ನೀನೂ ಅದನ್ನೇ ಹಿಡಿ. ಗುಳೆ ಹೋದ ಮಗ ಬಾಂಬೆಯಲ್ಲಿ ಬೇರೆ ಒಲೆ ಹೂಡಿದ್ದಾನಾ, ಅವನನ್ನು ಈ ಮನೆಗೆ ಸೇರಿಸಬೇಕಾ? ಅದಕ್ಕೆ ಒಂದು ನಿಯಮ ಬರೆದಿಟ್ಟುಕೊಂಡು ಐದೂ ಊರಲ್ಲಿ ಅದನ್ನೇ ಪಾಲಿಸು.

ಪ್ರಶ್ನೆ: ಸಮೀಕ್ಷೆಗೆ ಗೂಗಲ್ ಫಾರ್ಮ್ ಮಾಡಿ ವಾಟ್ಸಾಪ್ ಗ್ರೂಪುಗಳಿಗೆ ಹಾಕಿದೆ. ಒಂದೇ ವಾರದಲ್ಲಿ 600 ಉತ್ತರ ಬಂತು. ಜಿಲ್ಲೆಯ ಯುವಕರ ಅಭಿಪ್ರಾಯ ಅಂತ ಬರೆಯಬಹುದಾ?
– ಬಿ.ಎ. ವಿದ್ಯಾರ್ಥಿ, ಬೀದರ್

ಉತ್ತರ: ಬೇಡಪ್ಪ. "ನನ್ನ ಗ್ರೂಪುಗಳಲ್ಲಿ ಫಾರ್ಮ್ ತುಂಬಿದವರ ಅಭಿಪ್ರಾಯ" ಅಂತ ಬರಿ.

1936ರಲ್ಲಿ ಅಮೆರಿಕದಲ್ಲಿ ಲಿಟರರಿ ಡೈಜೆಸ್ಟ್ ಅಂತ ಒಂದು ದೊಡ್ಡ ಪತ್ರಿಕೆ ಇತ್ತು. ಅಧ್ಯಕ್ಷ ಚುನಾವಣೆಗೆ ಮೊದಲು ಸುಮಾರು ಒಂದು ಕೋಟಿ ಜನಕ್ಕೆ ಕಾರ್ಡು ಕಳಿಸಿತು. 20 ಲಕ್ಷಕ್ಕೂ ಹೆಚ್ಚು ಕಾರ್ಡು ವಾಪಸ್ ಬಂದವು. ಲ್ಯಾಂಡನ್ ಗೆಲ್ಲುತ್ತಾರೆ ಅಂತ ಬರೆಯಿತು. ಗೆದ್ದದ್ದು ರೂಸ್‌ವೆಲ್ಟ್, 48 ರಾಜ್ಯಗಳಲ್ಲಿ 46ರಲ್ಲಿ. ವಿಳಾಸಗಳನ್ನು ಪತ್ರಿಕೆ ತೆಗೆದದ್ದು ಟೆಲಿಫೋನ್ ಪುಸ್ತಕದಿಂದ, ಕಾರು ಇದ್ದವರ ಪಟ್ಟಿಯಿಂದ. ಆರ್ಥಿಕ ಕುಸಿತದ ಆ ಕಷ್ಟದ ಕಾಲದಲ್ಲಿ ಫೋನು, ಕಾರು ಯಾರ ಹತ್ತಿರ ಇತ್ತು? ಮೇಲಾಗಿ ಕಾರ್ಡು ತುಂಬಿ ಕಳಿಸುವಷ್ಟು ಆಸಕ್ತಿ ಇದ್ದವರು ಮಾತ್ರ ಕಳಿಸಿದರು. ಅದೇ ವರ್ಷ ಜನಾಭಿಪ್ರಾಯ ಸಮೀಕ್ಷೆ ಮಾಡುತ್ತಿದ್ದ ಜಾರ್ಜ್ ಗ್ಯಾಲಪ್ ಸುಮಾರು 50,000 ಜನರನ್ನು ಕೇಳಿ ಗೆಲ್ಲುವವರು ಯಾರು ಅಂತ ಸರಿಯಾಗಿ ಹೇಳಿದರು.

ನಿನ್ನ 600ರಲ್ಲಿ ಹುಡುಗಿಯರು ಎಷ್ಟು, ಔರಾದ್ ಕಡೆಯವರು ಎಷ್ಟು, ಕಾಲೇಜು ಬಿಟ್ಟು ಕೆಲಸಕ್ಕೆ ಹೋದವರು ಎಷ್ಟು? ಅದನ್ನು ಮೊದಲು ಎಣಿಸು.

ಪ್ರಶ್ನೆ: ಹೆಣ್ಣುಮಕ್ಕಳ ಸಾಲದ ಹೊರೆ ಬಗ್ಗೆ ಪ್ರಶ್ನಾವಳಿ ಮಾಡಿದ್ದೇನೆ. "ನಿಮಗೆ ಸಾಲ ಇದೆಯೇ" ಅಂದರೆ ಹೆಚ್ಚಿನವರು ಇಲ್ಲ ಅನ್ನುತ್ತಾರೆ. "ಜೀವನದ ಬಗ್ಗೆ ಎಷ್ಟು ತೃಪ್ತಿ ಇದೆ" ಅಂತ ಐದು ಹಂತ ಕೊಟ್ಟರೆ ಎಲ್ಲರೂ "ಛಲೋ ಅದ್ರಿ ಸರ" ಅನ್ನುತ್ತಾರೆ. ಇವರು ಸುಳ್ಳು ಹೇಳುತ್ತಾರಾ?
– ಅತಿಥಿ ಉಪನ್ಯಾಸಕರು, ಹುಮನಾಬಾದ್

ಉತ್ತರ: ಸುಳ್ಳು ಅನ್ನಬೇಡಿ ಸರ್. ನಿಮ್ಮ ಮಾತಿಗೆ ಅವರ ಮಾತು ಕೂಡಿಲ್ಲ, ಅಷ್ಟೇ.

ನಮ್ಮ ಕಡೆ "ಸಾಲ" ಅಂದರೆ ಬ್ಯಾಂಕಿನದು, ಇಲ್ಲವೇ ಸಾವುಕಾರನ ಹತ್ತಿರ ಬರೆದುಕೊಟ್ಟದ್ದು. ಕಿರಾಣಿ ಅಂಗಡಿಯದು ಉದ್ರಿ. ಅಕ್ಕ ತಂಗಿಯರ ಹತ್ತಿರ ಇಸಿದುಕೊಂಡದ್ದು ಕೈಗಡ. ಮುಕಾದಮ ಕೊಟ್ಟದ್ದು ಮುಂಗಡ. ವಾರ ವಾರ ಕಟ್ಟುವುದು "ಸಂಘದ್ದು". ಬಂಗಾರ ಒತ್ತೆ ಇಟ್ಟಿದ್ದರೆ ಅದನ್ನು ಯಾರೂ ಸಾಲ ಅನ್ನುವುದೇ ಇಲ್ಲ. ನೀವು ಒಂದೇ ಪದದಲ್ಲಿ ಕೇಳಿದಿರಿ, ಅವರು ಆ ಒಂದಕ್ಕೇ ಉತ್ತರ ಕೊಟ್ಟರು. ಒಂದೊಂದನ್ನೂ ಅದರ ಹೆಸರು ಹಿಡಿದು ಕೇಳಿ. "ಈ ತಿಂಗಳು ಅಂಗಡಿ ಉದ್ರಿ ಎಷ್ಟು ಐತಿ?" "ಸಂಘಕ್ಕ ವಾರಕ್ಕ ಎಷ್ಟು ಕಟ್ಟತೀರಿ?" ಹೀಗೆ.

ಐದು ಹಂತದ ವಿಷಯ. ಇದನ್ನು 1932ರಲ್ಲಿ ಅಮೆರಿಕದ ರೆನ್ಸಿಸ್ ಲೈಕರ್ಟ್ ಕೊಟ್ಟರು. ಅದರ ಹೆಸರೇ ಲೈಕರ್ಟ್ ಮಾಪಕ. ಓದು ಬರಹ ಬಲ್ಲವರು ಕಾಗದ ಹಿಡಿದು, ಯಾರೂ ನೋಡದ ಹಾಗೆ ತಾವೇ ಗುರುತು ಹಾಕುವುದಕ್ಕೆ ಅದು ಚೆನ್ನಾಗಿದೆ. ನೀವು ಅಂಗಳದಲ್ಲಿ ನಿಂತು "ಸಂಪೂರ್ಣವಾಗಿ ಒಪ್ಪುತ್ತೇನೆ, ಭಾಗಶಃ ಒಪ್ಪುತ್ತೇನೆ" ಅಂತ ಗಟ್ಟಿಯಾಗಿ ಓದುತ್ತೀರಿ. ಪಕ್ಕದಲ್ಲಿ ಅತ್ತೆ ಕೂತಿರುತ್ತಾರೆ. ಗಂಡ ಬಾಗಿಲಲ್ಲಿ ನಿಂತಿರುತ್ತಾನೆ. ನಿಮ್ಮನ್ನು ಆ ಮನೆಗೆ ಕರೆತಂದವರು ಪಂಚಾಯ್ತಿ ಮೆಂಬರು. ಇಷ್ಟು ಜನರ ಮುಂದೆ ಯಾವ ಸೊಸೆ "ನನಗೆ ತೃಪ್ತಿ ಇಲ್ಲ" ಅನ್ನುತ್ತಾಳೆ ಹೇಳಿ? ಮನೆಗೆ ಬಂದ ಮಾಸ್ತರರಿಗೆ ಛಲೋ ಅದ ಅನ್ನುವುದು ಮರ್ಯಾದೆ. ಅವರು ನಿಮಗೆ ಮರ್ಯಾದೆ ಕೊಟ್ಟರು.

ನಾನು ಕಾಳು ಬಳಸುತ್ತಿದ್ದೆ. ಹತ್ತು ತೊಗರಿ ಕಾಳು ಕೈಗೆ ಕೊಟ್ಟು, ನೆಲದ ಮೇಲೆ ಸುಣ್ಣದಿಂದ ನಾಲ್ಕು ಮನೆ ಬರೆದು, "ನಿಮ್ಮ ಗಳಿಕಿ ಹತ್ತು ಕಾಳು ಅಂತ ತಿಳೀರಿ. ಯಾವುದಕ್ಕ ಎಷ್ಟು ಹೋಗ್ತದ ಇಡ್ರಿ" ಅನ್ನುತ್ತಿದ್ದೆ. ಒಂದು ಮನೆ ಊಟ, ಒಂದು ದವಾಖಾನೆ, ಒಂದು ಮಕ್ಕಳ ಸಾಲಿ, ಒಂದು ವಾರದ ಕಂತು. ಬಸವಕಲ್ಯಾಣದ ಹತ್ತಿರ ಒಬ್ಬಳು ಕಂತಿನ ಮನೆಗೆ ನಾಲ್ಕು ಕಾಳು ಇಟ್ಟಳು. ಸ್ವಲ್ಪ ಹೊತ್ತು ನೋಡಿದಳು. ಊಟದ ಮನೆಯಿಂದ ಇನ್ನೊಂದು ಕಾಳು ತೆಗೆದು ಅದಕ್ಕೇ ಇಟ್ಟಳು. ಒಂದು ಮಾತೂ ಆಡಲಿಲ್ಲ. ಬಾಯಿಂದ ಅವಳೂ "ಛಲೋ ಅದ" ಅಂದಿದ್ದವಳೇ. ಹಳ್ಳಿಯ ಜನರೇ ಕಾಳು ಇಟ್ಟು, ನೆಲದ ಮೇಲೆ ನಕ್ಷೆ ಬರೆದು ತಮ್ಮ ಊರಿನ ಲೆಕ್ಕ ತಾವೇ ಹೇಳುವ ಈ ದಾರಿಯನ್ನು 1990ರ ಹೊತ್ತಿಗೆ ಬ್ರಿಟನ್ನಿನ ಸಂಶೋಧಕ ರಾಬರ್ಟ್ ಚೇಂಬರ್ಸ್ ಅವರಂಥವರು ಎಲ್ಲ ಕಡೆ ತಿಳಿಸಿಕೊಟ್ಟರು. ನಮ್ಮ ರಾಜ್ಯದಲ್ಲಿ ಹಳ್ಳಿಗಳ ಅಭಿವೃದ್ಧಿಗೆ ದುಡಿಯುವ ಮೈರಾಡ ಸಂಸ್ಥೆಯವರು ಇದನ್ನು ಬಹಳ ಬಳಸಿದರು.

ಪ್ರಶ್ನಾವಳಿ ಅಚ್ಚು ಹಾಕಿಸುವ ಮೊದಲು ಎಂಟು ಹತ್ತು ಜನರ ಮೇಲೆ ಪರೀಕ್ಷೆ ಮಾಡಿ. ನಿಮ್ಮ ಕಡೆ ಕನ್ನಡ, ಮರಾಠಿ, ಉರ್ದು ಮೂರೂ ನಡೆಯುತ್ತವೆ. ಕನ್ನಡದ ಪ್ರಶ್ನೆಯನ್ನು ಒಬ್ಬರು ಮರಾಠಿಗೆ ತರಲಿ. ಮೂಲ ನೋಡದ ಇನ್ನೊಬ್ಬರು ಅದನ್ನು ಮತ್ತೆ ಕನ್ನಡಕ್ಕೆ ತರಲಿ. ಎರಡು ಕನ್ನಡ ಕೂಡಲಿಲ್ಲ ಅಂದರೆ ಪ್ರಶ್ನೆಯಲ್ಲೇ ದೋಷ ಇದೆ.

ಪ್ರಶ್ನೆ: ಅಂಕಿಅಂಶ ಇದ್ದರೆ ಮಾತ್ರ ಸಂಶೋಧನೆ, ಕೂತು ಮಾತಾಡಿ ಬರೆದದ್ದು ಕಥೆ ಅಂತ ಗೆಳೆಯರು ಹೇಳುತ್ತಾರೆ. ಯಾವುದು ಮೇಲು?
– ಪದವಿ ವಿದ್ಯಾರ್ಥಿನಿ, ಶಹಾಪುರ

ಉತ್ತರ: ನಿನ್ನ ಜಿಲ್ಲೆಯದ್ದೇ ಉದಾಹರಣೆ ತಗೋ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಸುಮಾರು ಶೇ 52, ಇಡೀ ರಾಜ್ಯದ್ದು ಶೇ 75. ಈ ಎರಡು ಅಂಕಿ ಇಲ್ಲದಿದ್ದರೆ ನಾವು ಬೆಂಗಳೂರಿಗೆ ಹೋಗಿ ಏನಂತ ಕೇಳುತ್ತಿದ್ದೆವು? "ನಮ್ಮ ಕಡೆ ಓದು ಕಡಿಮೆ" ಅಂದರೆ ಯಾರೂ ಕೇಳುವುದಿಲ್ಲ. 2002ರಲ್ಲಿ ನಂಜುಂಡಪ್ಪ ಸಮಿತಿ ತಾಲ್ಲೂಕು ತಾಲ್ಲೂಕಿನ ಲೆಕ್ಕ ಮುಂದಿಟ್ಟು ಹಿಂದುಳಿದ 114 ತಾಲ್ಲೂಕುಗಳ ಪಟ್ಟಿ ಕೊಟ್ಟಿದ್ದರಿಂದಲೇ ನಮ್ಮ ಮಾತಿಗೆ ತೂಕ ಬಂತು. ಅಂಕಿಯ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ಸಿಟ್ಟು ಬರುತ್ತದೆ.

ಆದರೆ ಆ 52 ಹೇಗೆ ಬಂತು ಅಂತಲೂ ಕೇಳಬೇಕು ಅಲ್ವಾ? ಏಳು ವರ್ಷ ಅಥವಾ ಅದಕ್ಕೆ ಮೇಲಿನವರು, ಯಾವುದಾದರೂ ಒಂದು ಭಾಷೆಯನ್ನು ಅರ್ಥ ಮಾಡಿಕೊಂಡು ಓದಿ ಬರೆಯಬಲ್ಲವರು ಸಾಕ್ಷರರು. ಗಣತಿಗೆ ಬಂದವರು ಯಾರ ಕೈಗೂ ಪುಸ್ತಕ ಕೊಟ್ಟು ಓದಿಸುವುದಿಲ್ಲ. ಮನೆಯವರು ಹೇಳಿದ್ದನ್ನು ಬರೆದುಕೊಳ್ಳುತ್ತಾರೆ.

ಹುಡುಗಿಯರು ಸಾಲಿ ಯಾಕೆ ಬಿಡುತ್ತಾರೆ ಅನ್ನುವುದಕ್ಕೆ ಬಂದರೆ ಅಂಕಿ ಅರ್ಧ ದಾರಿಗೆ ನಿಲ್ಲುತ್ತದೆ. ಸುರಪುರ ತಾಲ್ಲೂಕಿನಲ್ಲಿ ಒಬ್ಬ ತಾಯಿಯನ್ನು ಕೇಳಿದ್ದೆ, ನಿಮ್ಮ ಮಗಳು ಹತ್ತಿ ಬಿಡಿಸಲು ಹೋಗುತ್ತಾಳಾ ಅಂತ. "ಇಲ್ರಿ, ಆಕಿ ಹೋಗಂಗಿಲ್ಲ. ನಾ ಹೋಗತೀನಿ. ಆಕಿ ಕೂಸು ಹಿಡೀತಾಳ." ಫಾರಂನಲ್ಲಿ ಇದು "ಮಗು ಕೆಲಸಕ್ಕೆ ಹೋಗುತ್ತದೆಯೇ – ಇಲ್ಲ". ಹುಡುಗಿ ಮಾತ್ರ ಎರಡು ತಿಂಗಳಿಂದ ಸಾಲಿಗೆ ಬಂದಿರಲಿಲ್ಲ. ನೀನು ಮೊದಲು ಸಾಲಿಯ ಹಾಜರಿ ಪುಸ್ತಕ ತೆಗೆದು ತಿಂಗಳು ತಿಂಗಳ ಲೆಕ್ಕ ಮಾಡು. ಹತ್ತಿಯ ಕಾಲದಲ್ಲಿ ಇಳಿಯುತ್ತದಾ ನೋಡು. ಆಮೇಲೆ ಹೋಗಿ ಆ ತಾಯಂದಿರ ಹತ್ತಿರ ಕೂತುಕೋ. ಎರಡೂ ಬೇಕು. ಗೆಳೆಯರಿಗೂ ತೋರಿಸು.

ಪ್ರಶ್ನೆ: ಮೇಡಂ, ಕಾಲೇಜಿನ ಇಬ್ಬರು ಹುಡುಗರು ಬಂದು ನಮ್ಮ ಅತ್ತೆಯವರ ಹತ್ತಿರ ಎರಡು ತಾಸು ಮಾತಾಡಿದರು. ಅತ್ತೆಯವರು ಗಂಡ ಸತ್ತದ್ದು, ಆಸ್ತಿ ಜಗಳ ಎಲ್ಲ ಹೇಳಿಕೊಂಡು ಅತ್ತರು. ಫೋಟೋ ತೆಗೆದುಕೊಂಡು ಹೋದರು. ಮತ್ತೆ ಬರಲೇ ಇಲ್ಲ. ಮೊನ್ನೆ ಆ ಫೋಟೋ ಹೆಸರಿನ ಸಮೇತ ವಾಟ್ಸಾಪಿನಲ್ಲಿ ನಮಗೇ ಬಂತು. ಮೈದುನರು ಮನೆಗೆ ಬಂದು ಗಲಾಟೆ ಮಾಡಿದರು. ಸಂಶೋಧನೆ ಅಂದರೆ ಹೀಗೇನಾ?
– ಗೃಹಿಣಿ, ಬಸವಕಲ್ಯಾಣ ತಾಲ್ಲೂಕು

ಉತ್ತರ: ಹೀಗಲ್ಲ ತಾಯಿ. ನಿಮ್ಮ ಪತ್ರ ಓದಿ ನನಗೆ ಬಹಳ ನೋವಾಯಿತು. ಈ ವಿಷಯ ಕಲಿಸಿದವಳಾಗಿ ನಿಮ್ಮ ಅತ್ತೆಯವರಿಗೆ ನಾನು ಕ್ಷಮೆ ಕೇಳುತ್ತೇನೆ, ದಯವಿಟ್ಟು ಅವರಿಗೆ ಓದಿ ಹೇಳಿ.

ಆ ಹುಡುಗರು ಮೊದಲೇ ಹೇಳಬೇಕಿತ್ತು: ನಾವು ಯಾರು, ಇದು ಯಾತಕ್ಕೆ, ನೀವು ಹೇಳಿದ್ದು ಎಲ್ಲಿ ಅಚ್ಚಾಗುತ್ತದೆ, ಬೇಡ ಅನಿಸಿದರೆ ನಡುವೆ ನಿಲ್ಲಿಸಬಹುದು, ಒಂದು ಪ್ರಶ್ನೆಗೆ ಉತ್ತರ ಕೊಡದಿದ್ದರೂ ನಡೆಯುತ್ತದೆ. ಫೋಟೋಕ್ಕೆ ಬೇರೆ ಒಪ್ಪಿಗೆ ಕೇಳಬೇಕಿತ್ತು. ಹೆಸರು ಬರೆಯಲೇಬಾರದಿತ್ತು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು ಮೈಸೂರಿನ ಹತ್ತಿರದ ಒಂದು ಹಳ್ಳಿಯ ಬಗ್ಗೆ ಬರೆಯುವಾಗ ಇಡೀ ಊರಿಗೇ ರಾಮಪುರ ಅಂತ ಬೇರೆ ಹೆಸರು ಕೊಟ್ಟರು. ಸಣ್ಣ ಊರಲ್ಲಿ ಹೆಸರು ತೆಗೆದರೂ ಸಾಲುವುದಿಲ್ಲ. "ಗಂಡ ಸತ್ತ, ಮೂರು ಮೈದುನರಿರುವ ಮುದುಕಿ" ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಅಂಥ ವಿವರ ಬದಲಿಸಬೇಕು.

ನೀವು ಈಗ ಆ ಕಾಲೇಜಿನ ಪ್ರಿನ್ಸಿಪಾಲರಿಗೆ ಬರೆಯಿರಿ. ಫೋಟೋ, ರೆಕಾರ್ಡಿಂಗ್ ಅಳಿಸಬೇಕು, ಪ್ರಬಂಧದಿಂದ ಅತ್ತೆಯವರ ಭಾಗ ತೆಗೆಯಬೇಕು ಅಂತ ಸ್ಪಷ್ಟವಾಗಿ ಕೇಳಿ. ಆ ಮಾತುಗಳು ಅವರವು. ಕೊಟ್ಟದ್ದನ್ನು ವಾಪಸ್ ಕೇಳುವ ಹಕ್ಕು ಅವರಿಗೆ ಇದೆ. ಆ ಹುಡುಗರಿಗೂ ನಾನು ಹೇಳುವುದು ಇಷ್ಟು: ಒಬ್ಬ ಹೆಂಗಸು ಅಳುತ್ತಿದ್ದರೆ ಪೆನ್ನು ಕೆಳಗಿಡಿ. ನೀರು ತಂದುಕೊಡಿ. ಮುಂದಿನ ಪ್ರಶ್ನೆ ಇನ್ನೊಂದು ದಿನ ಕೇಳಿ.

ಪ್ರಶ್ನೆ: ನಿವೃತ್ತ ಮಾಸ್ತರ ನಾನು. ನನ್ನ ಊರಿನ ಕಳೆದ 75 ವರ್ಷದ ಬಾಳನ್ನು ಬರೆಯಬೇಕು ಅಂತ ಆಸೆ. ಹಿರಿಯರು ಇನ್ನೂ ಕೆಲವರು ಇದ್ದಾರೆ. ಅವರಿಗೆ ಇಸವಿ ನೆನಪಿಲ್ಲ. ಸ್ವಂತ ಊರನ್ನು ತಾನೇ ಅಧ್ಯಯನ ಮಾಡಬಹುದಾ?
– ನಿವೃತ್ತ ಶಿಕ್ಷಕರು, ಆಳಂದ ತಾಲ್ಲೂಕು

ಉತ್ತರ: ಖಂಡಿತ ಮಾಡಿ ಸರ್. ಬೇಗ ಶುರು ಮಾಡಿ.

ಇಸವಿಯ ಚಿಂತೆ ಬೇಡ. ಅವರಿಗೆ ನೆನಪಿರುವ ದೊಡ್ಡ ಘಟನೆಗಳ ಒಂದು ಪಟ್ಟಿ ಇಟ್ಟುಕೊಳ್ಳಿ. 1948ರ ಸೆಪ್ಟೆಂಬರ್, ಹೈದರಾಬಾದ್ ನಿಜಾಮನ ಪರ ನಿಂತಿದ್ದ ರಜಾಕಾರರ ಹಾವಳಿ ಮುಗಿದದ್ದು. 1956ರ ನವೆಂಬರ್, ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದು. 1972ರ ಬರ. 1993ರ ಸೆಪ್ಟೆಂಬರ್ 30ರ ನಸುಕಿನ ಕಿಲ್ಲಾರಿ ಭೂಕಂಪ, ಗಡಿಯಾಚೆಯ ಮಹಾರಾಷ್ಟ್ರದ್ದಾದರೂ ನಿಮ್ಮ ಆಳಂದ ಕಡೆ ಅದನ್ನು ಮರೆತವರಿಲ್ಲ. "ಬರದಾಗ ನಿಮ್ಮ ಲಗ್ನ ಆಗಿತ್ತೇನ್ರಿ?" "ರಜಾಕಾರರ ಹೊತ್ತಿನ್ಯಾಗ ನೀವು ಎಷ್ಟು ದೊಡ್ಡವರಿದ್ರಿ, ದನ ಕಾಯಾಕ ಹೋಗತಿದ್ರೇನು?" ಹೀಗೆ ಕೇಳಿದರೆ ವಯಸ್ಸೂ ಸಿಗುತ್ತದೆ, ಅದರ ಜೊತೆಗೆ ನೀವು ಕೇಳದೇ ಇದ್ದದ್ದೂ ಸಿಗುತ್ತದೆ. ಒಂದೇ ಘಟನೆಯನ್ನು ಮೂವರು ಮೂರು ರೀತಿ ಹೇಳಿದರೆ ಮೂರನ್ನೂ ಬರೆದುಕೊಳ್ಳಿ. 1948ರ ವಿಷಯದಲ್ಲಂತೂ ಹಿಂದೂ ಮನೆ, ಮುಸ್ಲಿಂ ಮನೆ ಎರಡಕ್ಕೂ ಹೋಗಿ. ಅವರವರ ನೋವು ಅವರವರ ಮಾತಿನಲ್ಲೇ ಇರಲಿ, ನೀವು ಜೋಡಿಸಿ ಒಂದು ಮಾಡಬೇಡಿ.

ಸ್ವಂತ ಊರಿನ ತೊಂದರೆ ಏನಂದರೆ, ನಮಗೆ ಎಲ್ಲ ಗೊತ್ತು ಅನಿಸುತ್ತದೆ. ಶ್ರೀನಿವಾಸ್ ಅವರು 1948ರಲ್ಲಿ ರಾಮಪುರಕ್ಕೆ ಹೋದಾಗ ಊರ ಪಟೇಲರ ಎತ್ತಿನ ಮನೆಯಲ್ಲಿ ಇಳಿದುಕೊಂಡಿದ್ದರು. ಮೇಲುಜಾತಿಯವರ ನಡುವೆ ಇದ್ದು ನೋಡಿದ್ದರಿಂದ ತಮ್ಮ ನೋಟಕ್ಕೆ ಒಂದು ಮಿತಿ ಇತ್ತು ಅಂತ ಅವರೇ ಒಪ್ಪಿಕೊಂಡಿದ್ದಾರೆ. ಅಷ್ಟು ದೊಡ್ಡವರು ಅದನ್ನು ಮುಚ್ಚಿಡದೆ ಹೇಳಿದ್ದು ನನಗೆ ಬಹಳ ಹಿಡಿಸಿತು. ನೀವು ದಿನಾ ಸಂಜೆ ಊರ ಕಟ್ಟಿಯ ಮೇಲೆ ಕೂರುತ್ತೀರಿ. ಆ ಕಟ್ಟಿಯ ಮೇಲೆ ಯಾರು ಕೂರುವುದಿಲ್ಲ? ಹೆಣ್ಣುಮಕ್ಕಳು ಕೂರುವುದಿಲ್ಲ. ಇನ್ನೂ ಯಾರು ಯಾರು ದೂರದಿಂದ ನಮಸ್ಕಾರ ಹೇಳಿ ಹೋಗುತ್ತಾರೆ? ಒಂದು ವಾರ ಸುಮ್ನೆ ಎಣಿಸಿ. ಆಮೇಲೆ ಅವರ ಓಣಿಗೆ ನೀವೇ ಹೋಗಿ. ಅಲ್ಲಿ ಚಹಾ ಕೊಟ್ಟರೆ ಕುಡಿಯಿರಿ.

ಬರೆಯುವುದನ್ನು ಅದೇ ರಾತ್ರಿ ಮುಗಿಸಿ. ಬೆಳಗಾದರೆ ಮಾತಿನ ಧಾಟಿ ಹೋಗಿರುತ್ತದೆ, ನಮ್ಮ ಪಾಠದ ಭಾಷೆ ಬಂದು ಕೂತಿರುತ್ತದೆ. ಅವರು "ಹೊಟ್ಟಿ ಕಟ್ಟಿಕೊಂಡು ಇದ್ವಿ" ಅಂದದ್ದನ್ನು "ಬಡತನವಿತ್ತು" ಅಂತ ತಿದ್ದಬೇಡಿ. ಮತ್ತೆ ಒಂದು ಪ್ರತಿ ಬೇರೆ ಮನೆಯಲ್ಲಿ ಇಡಿ. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಶ್ರೀನಿವಾಸ್ ಅವರ ಕೋಣೆಗೆ ಬೆಂಕಿ ಬಿದ್ದಾಗ, ಹದಿನೆಂಟು ವರ್ಷದಲ್ಲಿ ಸಿದ್ಧಪಡಿಸಿದ ರಾಮಪುರದ ಟಿಪ್ಪಣಿಗಳ ಮೂರೂ ಪ್ರತಿ ಅಲ್ಲೇ ಇದ್ದವು. ಮೂರೂ ಸುಟ್ಟವು. ಅವರು ನೆನಪಿನಿಂದಲೇ ಆ ಊರನ್ನು ಬರೆದರು, 1976ರಲ್ಲಿ ಪುಸ್ತಕ ಬಂತು. ನಿಮ್ಮ ನೋಟ್‌ಬುಕ್ಕಿನ ಪುಟಗಳನ್ನು ವಾರಕ್ಕೊಮ್ಮೆ ಮೊಬೈಲಿನಲ್ಲಿ ಫೋಟೋ ತೆಗೆದು ಮಗಳಿಗೋ ಸೊಸೆಗೋ ಕಳಿಸಿಬಿಡಿ.

ಮೊದಲು ಊರಲ್ಲಿ ಎಲ್ಲರಿಗಿಂತ ಹಿರಿಯ ಹೆಣ್ಣುಮಗಳು ಯಾರು ಅಂತ ಕೇಳಿ, ಅವರ ಮನೆಯಿಂದ ಶುರು ಮಾಡಿ. ಅವರು ಮಗನ ಹತ್ತಿರ ಪುಣೆಗೆ ಹೋಗಿದ್ದರೆ, ಮನೆಗೆ ಕೀಲಿ ಹಾಕಿದ್ದರೆ, ಯಾವ ತಿಂಗಳು ಬರುತ್ತಾರೆ ಅಂತ ಕೀಲಿಕೈ ಇಟ್ಟುಕೊಂಡವರನ್ನು ಕೇಳಿ ಬರೆದುಕೊಳ್ಳಿ.